ಮಷಿನ್ ನಿಲ್ಲಿಸಿ ಅಂದವನಿಗೆ ಉತ್ತರ ಸಿಗಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ನಿಮ್ಮ ಪತ್ರಿಕೆಯ ಒಳಪುಟಗಳಲ್ಲಿ ಕಾರ್ಖಾನೆಗಳ ಫೋಟೊಗಳು ಬರುತ್ತವೆ. ಗೇಟಿನ ಮುಂದೆ ಹಸಿರು ಕ್ರಾಸ್ ಇರುವ ಬಾವುಟ, ಎದೆಯ ಮೇಲೆ ಬ್ಯಾಡ್ಜ್, ಕೈ ಮುಂದೆ ಚಾಚಿ ಪ್ರತಿಜ್ಞೆ. 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾಯಿತು. ಅದರ ನೆನಪಿಗೆ ಪ್ರತಿವರ್ಷ ಅಂದು ಸುರಕ್ಷತಾ ದಿನ. ಇದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿಜ್ಞೆ ಹೇಳಿಸಿದ ಯಜಮಾನರು ಮಾರ್ಚ್ 5ರ ಬೆಳಿಗ್ಗೆ ಶಾಪ್‌ಫ್ಲೋರಿಗೆ ಬಂದು ಏನು ಕೇಳುತ್ತಾರೆ? ಕೆಲಸಗಾರನ ಬೆರಳು ಉಳಿಯುತ್ತದೋ ಇಲ್ಲವೋ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಅದರ ಬಗ್ಗೆ ಬರೆಯಬೇಕು ಅನ್ನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ನಾನು ಪೀಣ್ಯದಲ್ಲಿ ತಗಡು ಕತ್ತರಿಸುವ, ಬಗ್ಗಿಸುವ ಪ್ರೆಸ್ ಶಾಪುಗಳಲ್ಲಿ ಕೆಲಸ ಮಾಡಿ, ಫೋರ್‌ಮನ್ ಆಗಿ ನಿವೃತ್ತನಾದವನು. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದಾಗಿನಿಂದ ಕೊನೆಯವರೆಗೂ ಪವರ್ ಪ್ರೆಸ್‌ಗಳ ಮಧ್ಯೆಯೇ ಇದ್ದೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬೆರಳು ಇಲ್ಲದ ಕೈಗಳು ಎಷ್ಟೋ ಇವೆ. ಪರಿಹಾರದ ಕಾನೂನಿನ ಪಟ್ಟಿ ನೋಡಿದರೆ ಹೆಬ್ಬೆರಳು ಹೋದವನಿಗೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14. ಲೆಕ್ಕಕ್ಕೆ ಇದು ಸರಿ ಇರಬಹುದು. ಆದರೆ ತೋರುಬೆರಳು ಇಲ್ಲದ ಹುಡುಗ ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಂಗಿ ಗುಂಡಿ ಹಾಕಿಕೊಳ್ಳಲು ಹೊಸದಾಗಿ ಕಲಿಯುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಯಾವ ಪಟ್ಟಿಯಲ್ಲೂ ಶೇಕಡಾವಾರು ಇಲ್ಲ.

ಪವರ್ ಪ್ರೆಸ್ ನೋಡದವರಿಗೆ ಸ್ವಲ್ಪ ಹೇಳಬೇಕು. ಪಕ್ಕದಲ್ಲಿ ಫ್ಲೈವೀಲ್ ಅನ್ನುವ ಭಾರಿ ಚಕ್ರ ಸುಮ್ನೆ ತಿರುಗುತ್ತಾ ಇರುತ್ತದೆ. ಪೆಡಲ್ ಅಥವಾ ಬಟನ್ ಒತ್ತಿದ ತಕ್ಷಣ ಕ್ಲಚ್ ಆ ಚಕ್ರಕ್ಕೆ ಕಚ್ಚಿಕೊಂಡು, ಹೊಡೆಯುವ ಭಾಗವಾದ ರ್‍ಯಾಮ್ ಕೆಳಗೆ ಬರುತ್ತದೆ. ಕೆಳಗಿನ ಅಚ್ಚು, ಅಂದರೆ ಡೈ ಮೇಲೆ ಇಟ್ಟ ತಗಡನ್ನು ಕತ್ತರಿಸಿಯೋ ಬಗ್ಗಿಸಿಯೋ ಮೇಲೆ ಹೋಗುತ್ತದೆ. ಹಳೇ ಪಿನ್ ಕ್ಲಚ್ ಮಷಿನ್‌ಗಳಲ್ಲಿ ರ್‍ಯಾಮ್ ಒಮ್ಮೆ ಹೊರಟರೆ ಮುಗಿಯಿತು. ಸುತ್ತು ಪೂರ್ತಿ ಆಗದೆ ನಿಲ್ಲುವುದಿಲ್ಲ. ಕ್ಲಚ್ಚಿನ ಪಿನ್ ಸವೆದರೆ ಅಥವಾ ಸ್ಪ್ರಿಂಗ್ ಬಲ ಕಳೆದುಕೊಂಡರೆ ಇನ್ನೊಂದು ಅಪಾಯ ಇದೆ. ಒಂದು ಸಲ ಒತ್ತಿದರೆ ರ್‍ಯಾಮ್ ಎರಡು ಸಲ ಬರುತ್ತದೆ. ನಮ್ಮಲ್ಲಿ ಅದಕ್ಕೆ 'ಡಬಲ್ ಹೊಡೀತದೆ' ಅನ್ನುತ್ತಾರೆ. ಮೊದಲನೇ ಹೊಡೆತ ಆದ ಮೇಲೆ ಪೀಸ್ ತೆಗೆಯಲು ಕೈ ಒಳಗೆ ಹೋಗಿರುತ್ತದೆ. ಆಗ ಬರುತ್ತದೆ ಎರಡನೆಯದು.

ಈ ತೊಂದರೆ ಮೊದಲು ಗೊತ್ತಾಗುವುದು ಇಂಜಿನಿಯರಿಗೆ ಅಲ್ಲ, ಸೇಫ್ಟಿ ಆಫೀಸರಿಗೂ ಅಲ್ಲ. ಆ ಮಷಿನ್ ಮುಂದೆ ಸ್ಟೂಲ್ ಹಾಕಿ ಕೂತವನಿಗೆ. ಮಿಕ್ಸಿ ಕೆಡುವ ಮೊದಲೇ ಅದರ ಸದ್ದು ಬದಲಾದದ್ದು ಅಡುಗೆ ಮಾಡುವವರ ಕಿವಿಗೆ ಬೀಳುತ್ತದೆ ಅಲ್ವಾ, ಹಾಗೆ. ಕ್ಲಚ್ ಬಿಡುವಾಗಿನ 'ಟಕ್' ಸದ್ದು ಒಂದು ಚೂರು ಎಳೆದಂತೆ ಕೇಳಿಸುತ್ತದೆ. ಎರಡು ಮೂರು ದಿನ ಮೊದಲೇ ಆಪರೇಟರ್‌ಗೆ ಅನುಮಾನ ಬಂದಿರುತ್ತದೆ. ಆದರೂ ಅವನು ಬಾಯಿ ಬಿಡುವುದಿಲ್ಲ. ಯಾಕೆ?

ಬಾಯಿ ಬಿಟ್ಟರೆ ಮಷಿನ್ ನಿಲ್ಲುತ್ತದೆ. ಮಷಿನ್ ನಿಂತರೆ ಟಾರ್ಗೆಟ್ ಹೋಗುತ್ತದೆ. ಟಾರ್ಗೆಟ್ ಹೋದರೆ ಸೂಪರ್‌ವೈಸರ್ ಬಂದು ಎಲ್ಲರ ಮುಂದೆ 'ಏನಪ್ಪಾ, ಕೆಲಸ ಮಾಡೋಕೆ ಇಷ್ಟ ಇಲ್ವಾ?' ಅನ್ನುತ್ತಾನೆ. ಅವನು ಕಾಂಟ್ರ್ಯಾಕ್ಟ್ ಕೆಲಸಗಾರನಾಗಿದ್ದರೆ ಇನ್ನೂ ಕಷ್ಟ. ನಾಳೆಯಿಂದ ಬರಬೇಡ ಅಂದರೆ ಮುಗಿಯಿತು, ಕಾರಣ ಕೊಡಬೇಕಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅವನು ಮಾತಾಡಲಿ ಅಂತ ಬಯಸುವುದು ನ್ಯಾಯವಲ್ಲ. 'ನಮ್ಮ ಕೆಲಸಗಾರರಿಗೆ ಸೇಫ್ಟಿ ಬಗ್ಗೆ ಅರಿವೇ ಇಲ್ಲ' ಅಂತ ಮಾಲೀಕರು ಹೇಳುವುದನ್ನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಅರಿವು ಇದೆ ಸ್ವಾಮಿ. ಎಲ್ಲರಿಗಿಂತ ಜಾಸ್ತಿ ಅವರಿಗೇ ಇದೆ. ಹೇಳಿದರೆ ಏನಾಗುತ್ತದೆ ಅನ್ನುವ ಅರಿವೂ ಅದರ ಜೊತೆಗೇ ಇದೆ.

ನಾನು ಕೆಲಸ ಮಾಡಿದ ಒಂದು ಕಡೆ ಹೊಸದಾಗಿ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಬಂದರು. ಮಂಡ್ಯ ಕಡೆಯವರು. ಬಂದ ವಾರ ಯಾವ ಭಾಷಣವನ್ನೂ ಮಾಡಲಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ ಒಂದೊಂದೇ ಮಷಿನ್ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ನಮ್ಮ ಮೇಲಿನವರು ಬಂದಾಗಲೆಲ್ಲ ಕೇಳುತ್ತಿದ್ದದ್ದು 'ಎಲ್ಲ ಸರಿ ಇದೆಯೇನ್ರಯ್ಯಾ?' ಅಂತ. ಅದಕ್ಕೆ 'ಹ್ಞೂಂ ಸಾರ್' ಬಿಟ್ಟು ಬೇರೆ ಉತ್ತರ ಇರಲಿಲ್ಲ. ಇವರು ಕೇಳಿದ್ದೇ ಬೇರೆ: 'ಈ ಮಷಿನ್‌ನಲ್ಲಿ ನಿನಗೆ ಭಯ ಆಗೋದು ಯಾವಾಗ?' ಕೆಲವರು ನಕ್ಕರು. ಕೆಲವರು ನೆಲ ನೋಡಿದರು. ಅವರು ಬೇಸರ ಮಾಡಿಕೊಳ್ಳದೆ ಮರುದಿನ ಬಂದು ಮತ್ತೆ ಅದನ್ನೇ ಕೇಳಿದರು.

ಕೊನೆಗೆ ಒಬ್ಬ ವಯಸ್ಸಾದ ಆಪರೇಟರ್ ಬಾಯಿಬಿಟ್ಟರು. 'ಸಾರ್, ಐದನೇ ನಂಬರ್ ಒಂದೊಂದ್ಸಲ ಡಬಲ್ ಹೊಡೀತದೆ ಅನ್ನಿಸ್ತದೆ.' ಅನ್ನಿಸ್ತದೆ ಅಂದರು ಅಷ್ಟೇ. ಗ್ಯಾರಂಟಿ ಇರಲಿಲ್ಲ. ಮ್ಯಾನೇಜರ್ ಅಲ್ಲೇ ಮೇನ್ ಸ್ವಿಚ್ ಆಫ್ ಮಾಡಿಸಿ, ಅದಕ್ಕೊಂದು ಬೀಗ ಹಾಕಿ, ಕೀ ತಮ್ಮ ಜೇಬಿಗೆ ಹಾಕಿಕೊಂಡರು. ಅಂದು ಸಂಜೆ ಆ ಮಷಿನ್ನಿನ ಮಾಲು ಲಾರಿಗೆ ಹೋಗಬೇಕಿತ್ತು. ಮಾಲೀಕರ ಫೋನ್ ಬಂತು. ನಾವೆಲ್ಲ ಸುತ್ತ ಇದ್ದೆವು. 'ನಿಲ್ಲಿಸಿದ್ದು ನಾನು ಸಾರ್. ಪಾರ್ಟಿ ಹತ್ತಿರ ನಾನೇ ಮಾತಾಡ್ತೀನಿ' ಅಂದರು. ಆಪರೇಟರ್ ಹೆಸರನ್ನು ಅವರು ಎತ್ತಲೇ ಇಲ್ಲ.

ಕ್ಲಚ್ ಬಿಚ್ಚಿದರೆ ಪಿನ್ನಿನ ಅಂಚು ಸವೆದು ದುಂಡಗಾಗಿತ್ತು. ಸ್ಪ್ರಿಂಗಿನ ಒಂದು ಸುತ್ತು ಮುರಿದಿತ್ತು. ಇನ್ನೆಷ್ಟು ಹೊಡೆತಕ್ಕೆ ಅದು ಯಾರ ಕೈ ತೆಗೆಯುತ್ತಿತ್ತೋ. ಆ ಪಿನ್ನು, ಆ ಸ್ಪ್ರಿಂಗು ಎರಡನ್ನೂ ಒರೆಸಿ, ಹಾಜರಿ ಪಂಚ್ ಮಾಡುವ ಜಾಗದಲ್ಲಿ ಒಂದು ಮೇಜಿನ ಮೇಲೆ ಇಡಿಸಿದರು. ಆಪರೇಟರನ್ನು ಕೇಳಿ, ಅವರು ಒಪ್ಪಿದ ಮೇಲೆ, 'ಇದನ್ನು ಹಿಡಿದುಕೊಟ್ಟವರು' ಅಂತ ಅವರ ಹೆಸರು ಬರೆಸಿದರು. ಬರುವವರು ಹೋಗುವವರು ಎಲ್ಲ ಆ ಪಿನ್ನನ್ನು ಕೈಗೆತ್ತಿಕೊಂಡು ಬೆರಳಾಡಿಸಿ ನೋಡಿದರು. ಅಂದಿನಿಂದ ನಮ್ಮ ಶಾಪಿನಲ್ಲಿ ಜನ ಮಾತಾಡಲು ಶುರು ಮಾಡಿದರು. ಪೋಸ್ಟರ್ ನೋಡಿ ಅಲ್ಲ, ತರಬೇತಿ ಆಗಿ ಅಲ್ಲ. ಹೇಳಿದವನಿಗೆ ತೊಂದರೆ ಆಗಲಿಲ್ಲ, ಹೇಳಿದ್ದಕ್ಕೆ ಕೆಲಸ ಆಯಿತು ಅನ್ನುವುದನ್ನು ಕಣ್ಣಾರೆ ನೋಡಿ.

ಇನ್ನೊಂದು ಸಂಗತಿ. ಕೈಗಳೆರಡೂ ಡೈಯಿಂದ ಹೊರಗಿರಲಿ ಅಂತ ಮಷಿನ್‌ಗೆ ಎರಡು ಬಟನ್ ಇಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ್‍ಯಾಮ್ ಬರಬೇಕು. ಹಳೇ ಸರ್ಕ್ಯೂಟ್ ಇದ್ದರೆ ಒಂದು ಬಟನ್ನಿಗೆ ಮರದ ಚಕ್ಕೆ ತುರುಕಿ ಒಂದೇ ಕೈಯಲ್ಲಿ ಓಡಿಸಬಹುದು. ಹೊಸ ಸರ್ಕ್ಯೂಟಿನಲ್ಲಿ ಪ್ರತಿ ಹೊಡೆತಕ್ಕೂ ಎರಡನ್ನೂ ಬಿಟ್ಟು ಒತ್ತಲೇಬೇಕು, ಆ ಆಟ ನಡೆಯಲ್ಲ. ನಮ್ಮಲ್ಲಿ ಹಳೆಯದಿತ್ತು, ಚಕ್ಕೆಯೂ ಇತ್ತು. ಬೇರೆ ಕಡೆಯಾಗಿದ್ದರೆ ಮೆಮೊ ಕೊಟ್ಟು, ಅರ್ಧ ದಿನದ ಸಂಬಳ ಹಿಡಿದು ಮುಗಿಸುತ್ತಿದ್ದರು. ಈ ಮ್ಯಾನೇಜರ್ ಆ ಸ್ಟೂಲಿನ ಮೇಲೆ ತಾವೇ ಕೂತು ಊಟದ ಹೊತ್ತಿನವರೆಗೆ ಮಷಿನ್ ಓಡಿಸಿದರು. ಎದ್ದಾಗ ಹೆಗಲು ಹಿಡಿದುಕೊಂಡಿದ್ದರು. ಬಟನ್‌ಗಳು ಭುಜಕ್ಕಿಂತ ಮೇಲೆ ಇದ್ದವು. ಪೀಸ್ ಡೈಗೆ ಅಂಟಿಕೊಳ್ಳುತ್ತಿತ್ತು, ಪ್ರತಿ ಸಲ ಕೊಕ್ಕೆಯಿಂದ ಎಬ್ಬಿಸಬೇಕಿತ್ತು. ಗಂಟೆಗೆ ಇಷ್ಟು ಪೀಸ್ ಅನ್ನುವ ಲೆಕ್ಕ ಒಂದೇ ಕೈಯಲ್ಲಿ ಓಡಿಸಿದರೆ ಮಾತ್ರ ಬರುವಂತಿತ್ತು. ಚಕ್ಕೆ ತುರುಕಿದ್ದು ಕೆಲಸಗಾರನೇ ಹೌದು. ಆದರೆ ಅದನ್ನು ತುರುಕಿಸಿದ್ದು ಆ ಟಾರ್ಗೆಟ್.

ಟಾರ್ಗೆಟ್ ಇಳಿಸಿದರು. ಮೊದಲು ಮಾಡಿದ್ದೇ ಅದು. ಆಮೇಲೆ ಎಲ್ಲರನ್ನೂ ಕೂರಿಸಿ ಪೀಸ್ ಅಂಟದ ಹಾಗೆ ಏನು ಮಾಡಬಹುದು ಅಂತ ಕೇಳಿದರು. ರಾಯಚೂರು ಕಡೆಯ ಒಬ್ಬ ಹೆಲ್ಪರ್ ಹುಡುಗ, ಮೀಟಿಂಗಿನಲ್ಲಿ ಯಾವತ್ತೂ ಮಾತಾಡದವನು, 'ಕಂಪ್ರೆಸರ್ ಗಾಳಿ ಹಿಂದ್ಲಿಂದ ಬಿಟ್ರ ಪೀಸ್ ತಾನ ಹಾರ್ತದ್ರಿ' ಅಂದ. ಒಂದು ಸಣ್ಣ ತಾಮ್ರದ ಪೈಪ್ ಬಗ್ಗಿಸಿ, ರ್‍ಯಾಮ್ ಮೇಲೆ ಹೋಗುವಾಗ ಗಾಳಿ ಬಿಡುವಂತೆ ವಾಲ್ವ್ ಕೂರಿಸಿದೆವು. ಪೀಸ್ ಟ್ರೇಗೆ ಹಾರಿ ಬೀಳತೊಡಗಿತು. ಸದ್ದು ಜಾಸ್ತಿ ಆಯಿತು, ಅದಕ್ಕೆ ಕಿವಿಗೆ ಇಯರ್‌ಪ್ಲಗ್ ಬಂತು. ಬಟನ್‌ಗಳನ್ನು ಕೆಳಗೆ ಇಳಿಸಿ, ಸರ್ಕ್ಯೂಟನ್ನೂ ಬದಲಾಯಿಸಿದರು. ಕೆಲವು ವಾರಗಳಲ್ಲಿ ಪೀಸಿನ ಲೆಕ್ಕ ಹಳೇ ಮಟ್ಟಕ್ಕೇ ಬಂತು, ಎರಡು ಕೈಯಲ್ಲಿ.

ಸಲಹಾ ಪೆಟ್ಟಿಗೆ ಅಂತ ಒಂದು ಇರುತ್ತದಲ್ಲ, ಗೋಡೆಗೆ ಹೊಡೆದದ್ದು, ಅದರ ಬೀಗದ ಕೀ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲ್ಲ. ಅದನ್ನು ತೆಗೆಸಿ ಒಂದು ಉದ್ದನೆಯ ನೋಟ್‌ಬುಕ್ ತೂಗುಹಾಕಿದರು. ಮೇಲೆ 'ಸ್ವಲ್ಪದರಲ್ಲಿ ತಪ್ಪಿತು' ಅಂತ ಬರೆಸಿದ್ದರು. ಏನು ನೋಡಿದಿರಿ, ಎಲ್ಲಿ, ಏನು ಮಾಡಿದೆವು, ಯಾವತ್ತು, ಸಹಿ. ಇಷ್ಟೇ ಕಾಲಮ್. ಹೆಸರು ಬರೆಯುವುದು ಬರೆಯದೇ ಇರುವುದು ಅವರವರ ಇಷ್ಟ. ಮರುದಿನ ಬೆಳಗಿನ ಟೀಗೆ ಮೊದಲು ಮ್ಯಾನೇಜರ್ ಕೈಬರಹದಲ್ಲಿ ಉತ್ತರ ಇರುತ್ತಿತ್ತು. ಆಗದಿದ್ದರೆ ಯಾಕೆ ಆಗಲ್ಲ ಅಂತಲೂ ಬರೆಯುತ್ತಿದ್ದರು. ಒಮ್ಮೆ ಯಾರೋ ದೊಡ್ಡ ಪ್ರೆಸ್‌ಗಳಿಗೆಲ್ಲ ಲೈಟ್ ಕರ್ಟನ್ ಬೇಕು ಅಂತ ಬರೆದರು. ಕೈ ಅಡ್ಡ ಬಂದರೆ ಬೆಳಕಿನ ಕಿರಣ ಕಡಿದು ಮಷಿನ್ ನಿಲ್ಲುವ ವ್ಯವಸ್ಥೆ ಅದು. ಪಿನ್ ಕ್ಲಚ್ ಮಷಿನ್‌ಗೆ ಅದನ್ನು ಹಾಕಿ ಪ್ರಯೋಜನವಿಲ್ಲ, ಹೊರಟ ರ್‍ಯಾಮ್ ನಿಲ್ಲಲ್ಲವಲ್ಲ. ನಡುವೆಯೇ ನಿಲ್ಲಿಸಬಹುದಾದ ಫ್ರಿಕ್ಷನ್ ಕ್ಲಚ್ ಇರುವ ದೊಡ್ಡ ಪ್ರೆಸ್‌ಗಳಿಗೆ ಸರಿ. ಅದಕ್ಕೆ ಬಂದ ಉತ್ತರ: 'ಈ ವರ್ಷ ಎರಡಕ್ಕೆ ಮಾತ್ರ ದುಡ್ಡಿದೆ. ಯಾವ ಎರಡಕ್ಕೆ ಅಂತ ನೀವೇ ಸೇರಿ ಹೇಳಿ.' ಆಪರೇಟರ್‌ಗಳು ಕೂತು, ಜಗಳವಾಡಿ, ಎರಡು ಮಷಿನ್ ಹೇಳಿದರು. ಅವೇ ಎರಡಕ್ಕೆ ಹಾಕಿದರು. ಪಾಲ್ಗೊಳ್ಳುವುದು ಅಂದರೆ ನನ್ನ ಪ್ರಕಾರ ಇದು.

ದೊಡ್ಡ ಕಾರ್ಖಾನೆಗಳಿಗೆ ಇದು ಹೊಸದಲ್ಲ. ಟೊಯೋಟದಂಥ ಕಂಪನಿಗಳಲ್ಲಿ ಲೈನಿನಲ್ಲಿ ನಿಂತವನು ತೊಂದರೆ ಕಂಡರೆ ಹಗ್ಗ ಎಳೆಯುತ್ತಾನೆ. ಟೀಮ್ ಲೀಡರ್ ಓಡಿ ಬರುತ್ತಾನೆ. ಸರಿ ಹೋಗದಿದ್ದರೆ ಲೈನ್ ನಿಲ್ಲುತ್ತದೆ. ಇದಕ್ಕೆ 'ಅಂಡಾನ್' ಅನ್ನುತ್ತಾರೆ. ಟೊಯೋಟ ಕಾರ್ಖಾನೆ ಇರುವ ಬಿಡದಿ ಕಡೆ ಕೆಲಸ ಮಾಡಿ ಬಂದವರಿಗೆ ವಿವರಿಸಬೇಕಿಲ್ಲ. ಅಮೆರಿಕದ ಅಲ್ಕೋವಾ ಅನ್ನುವ ಅಲ್ಯೂಮಿನಿಯಂ ಕಂಪನಿಗೆ 1987ರಲ್ಲಿ ಮುಖ್ಯಸ್ಥರಾದ ಪಾಲ್ ಓನೀಲ್ ಷೇರುದಾರರ ಮುಂದೆ ಲಾಭದ ಮಾತಿಗಿಂತ ಮೊದಲು ಕೆಲಸಗಾರರ ಸುರಕ್ಷತೆ ಬಗ್ಗೆ ಮಾತಾಡಿದರು. ಮೇಲಿನವರು ಸರಿಪಡಿಸದಿದ್ದರೆ ನನಗೇ ಫೋನ್ ಮಾಡಿ ಅಂತ ಮನೆಯ ನಂಬರನ್ನು ಕೆಲಸಗಾರರಿಗೆ ಕೊಟ್ಟರು. ಅಷ್ಟು ದೊಡ್ಡ ಕಂಪನಿಯವರಿಗೆ ಸಾಧ್ಯವಾದದ್ದು ಮೂವತ್ತು ಜನರ ಶಾಪಿನ ಮಾಲೀಕರಿಗೆ ಇನ್ನೂ ಸುಲಭ. ಅವರ ಕ್ಯಾಬಿನ್ ಪ್ರೆಸ್ಸಿನಿಂದ ನಲವತ್ತು ಹೆಜ್ಜೆ ದೂರ ಇರುತ್ತದೆ.

ಕೆಲಸಗಾರನ ಮಾತು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶಕ್ಕೆ ಭೋಪಾಲ್‌ಗಿಂತ ಬೇರೆ ಪಾಠ ಬೇಕಿಲ್ಲ. 1981ರ ಡಿಸೆಂಬರಿನಲ್ಲೇ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಫಾಸ್ಜೀನ್ ಅನ್ನುವ ವಿಷಾನಿಲ ತಗುಲಿ ಒಬ್ಬ ಕೆಲಸಗಾರ ಸತ್ತಿದ್ದರು. ಕೆಲಸಗಾರರ ಯೂನಿಯನ್‌ನವರು ಅಪಾಯ ಇದೆ ಅಂತ ಪೋಸ್ಟರ್ ಅಂಟಿಸಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಹನ್ನೊಂದೂವರೆ ಸುಮಾರಿಗೆ ಪಾಳಿಯಲ್ಲಿದ್ದವರ ಕಣ್ಣು ಉರಿಯತೊಡಗಿತು. ಸೋರಿಕೆ ಇದೆ ಅಂತ ಹೇಳಿದರು. ಟೀ ಮುಗಿದ ಮೇಲೆ ನೋಡೋಣ ಅಂತ ಆಯಿತು. ಟೀ ಮುಗಿಯುವಷ್ಟರಲ್ಲಿ ವಿಷಾನಿಲದ ಟ್ಯಾಂಕಿನ ಒತ್ತಡ ಕೈ ಮೀರಿತ್ತು. ಸಾವಿರಾರು ಜನ ಸತ್ತರು.

ಅದಾದ ಮೇಲೆ 1987ರಲ್ಲಿ 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಯಲ್ಲಿ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕೆಲಸಗಾರರೂ ಆಡಳಿತದವರೂ ಸಮ ಸಮ ಇರಬೇಕು ಅಂತ ಬರೆದರು. ಪ್ರಾಣಕ್ಕೆ ಅಪಾಯ ಕಂಡರೆ ಮ್ಯಾನೇಜರಿಗೂ ಇನ್‌ಸ್ಪೆಕ್ಟರಿಗೂ ಒಟ್ಟಿಗೆ ತಿಳಿಸುವ ಹಕ್ಕು ಬಂತು. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ, ಕೆಲಸದ ಜಾಗದ ಸುರಕ್ಷತೆಯ ಹೊಸ ಕೋಡ್‌ನಲ್ಲೂ ಆ ಹಕ್ಕು ಇದೆ. ಆದರೆ ಸುರಕ್ಷತಾ ಸಮಿತಿ ಕಡ್ಡಾಯ ಅನ್ನುವುದು 500 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ. ವಿದ್ಯುತ್ ಬಳಸುವ ಶೆಡ್ಡನ್ನು ಕಾರ್ಖಾನೆ ಅನ್ನಬೇಕಾದರೆ ಮೊದಲು 10 ಜನ ಸಾಕಿತ್ತು, ಈಗ 20 ಬೇಕು. ಪೀಣ್ಯದಲ್ಲಿ, ರಾಜಾಜಿನಗರದ ಹಳೇ ಶೆಡ್‌ಗಳಲ್ಲಿ, ಬೊಮ್ಮಸಂದ್ರದಲ್ಲಿ, ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಬೆರಳು ಹೋಗುವುದು ಜಾಸ್ತಿ ಇಂಥ ಸಣ್ಣ ಕಡೆಗಳಲ್ಲೇ. ಅಲ್ಲಿ ಸಮಿತಿ ಮಾಡಿ ಕೆಲಸಗಾರರನ್ನು ಕೇಳಿ ಅಂತ ಕಾನೂನು ಹೇಳುವುದಿಲ್ಲ. ಕೇಳಬೇಕಾದವರು ಮಾಲೀಕರೇ.

ಸಮಿತಿ ಇರುವ ಕಡೆಯೂ ಎಷ್ಟೋ ಸಲ ಕೆಲಸಗಾರರ ಪರವಾಗಿ ಕೂರುವವರನ್ನು ಎಚ್‌ಆರ್‌ನವರೇ ಆರಿಸುತ್ತಾರೆ. ಮೀಟಿಂಗ್ ನಡೆಯದೇ ಇದ್ದರೂ ಪುಸ್ತಕಕ್ಕೆ ಸಹಿ ಬೀಳುತ್ತದೆ. ಇನ್ನು 'ಅಪಘಾತವಿಲ್ಲದ ದಿನಗಳು' ಅನ್ನುವ ಬೋರ್ಡು. ಅದು ಇಂತಿಷ್ಟು ದಿನ ಮುಟ್ಟಿದರೆ ಎಲ್ಲರಿಗೂ ಸ್ವೀಟ್ ಬಾಕ್ಸು, ಪ್ರೆಷರ್ ಕುಕ್ಕರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬೆರಳು ಸೀಳಿಕೊಂಡ ಹುಡುಗ ನನ್ನಿಂದ ಎಲ್ಲರ ಬಹುಮಾನ ಹೋಗುತ್ತದಲ್ಲ ಅಂತ ಕರ್ಚೀಫ್ ಸುತ್ತಿಕೊಂಡು ಹೊರಗಿನ ಕ್ಲಿನಿಕ್ಕಿಗೆ ಹೋಗುತ್ತಾನೆ. ಗಾಯ ರಿಜಿಸ್ಟರಿಗೆ ಬರಲ್ಲ, ಇಎಸ್‌ಐಗೂ ಹೋಗಲ್ಲ. ಬೋರ್ಡಿನ ಅಂಕಿ ಮಾತ್ರ ಏರುತ್ತದೆ. ಬಹುಮಾನ ಕೊಡುವುದಾದರೆ ಅಪಾಯ ಹಿಡಿದುಕೊಟ್ಟವರಿಗೆ ಕೊಡಿ. ಗಾಯ ಮುಚ್ಚಿಟ್ಟಿದ್ದಕ್ಕೆ ಕೊಟ್ಟ ಹಾಗೆ ಆಗಬಾರದು.

ಭಾಷೆಯದೂ ಒಂದು ದೊಡ್ಡ ಕಷ್ಟ. ಈಗ ಶಾಪಿನಲ್ಲಿ ಒಡಿಶಾ, ಬಿಹಾರ, ಅಸ್ಸಾಂ ಹುಡುಗರು ಇದ್ದಾರೆ. ಗೋಡೆ ಮೇಲಿನ ಬೋರ್ಡು ಇಂಗ್ಲಿಷಿನಲ್ಲಿ, ಸೂಪರ್‌ವೈಸರ್ ಮಾತು ಕನ್ನಡದಲ್ಲಿ. ಅವರು ತಲೆ ಆಡಿಸುತ್ತಾರೆ, ಅರ್ಥ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ನೋಟ್‌ಬುಕ್ಕಿನಲ್ಲಿ ಯಾವ ಭಾಷೆಯಲ್ಲಾದರೂ ಬರೆಯಬಹುದಿತ್ತು, ಬರೆಯಲು ಬಾರದವರು ಚಿತ್ರ ಹಾಕಬಹುದಿತ್ತು. ಡ್ರಿಲ್ಲಿಂಗ್ ಸೆಕ್ಷನ್ನಿನ ಹೆಣ್ಣುಮಕ್ಕಳು ಬರೆದದ್ದು ನೆನಪಿದೆ. ಏಪ್ರನ್ನಿನ ಲಾಡಿ ಬಿಚ್ಚಿ ಡ್ರಿಲ್ಲಿನ ತಿರುಗುವ ಸ್ಪಿಂಡಲ್ ಕಡೆ ಹಾರುತ್ತದೆ, ಗುಂಡಿ ಇರುವ ಏಪ್ರನ್ ಕೊಡಿ ಅಂತ. ಲಾಡಿ ಏಪ್ರನ್ ಆರಿಸಿದ್ದು ಗಂಡಸರು. ಅದನ್ನು ಕಟ್ಟಿಕೊಂಡು ಡ್ರಿಲ್ ಮುಂದೆ ನಿಂತವರನ್ನು ಯಾರೂ ಕೇಳಿರಲಿಲ್ಲ. ಮುಂದಿನ ತಿಂಗಳು ಗುಂಡಿಯ ಏಪ್ರನ್ ಬಂತು.

ಸಣ್ಣ ಕೈಗಾರಿಕೆಗಳ ಸಂಘಗಳಲ್ಲಿ ನನ್ನ ವಿನಂತಿ ಇದು. ಸದಸ್ಯ ಮಾಲೀಕರು ವಾರಕ್ಕೊಮ್ಮೆ ಒಂದು ಗಂಟೆ, ಫೋನ್ ಒಳಗಿಟ್ಟು, ಮಷಿನ್ ಪಕ್ಕ ನಿಲ್ಲುವಂತೆ ಹೇಳಿ. ಸೂಪರ್‌ವೈಸರನ್ನು ಅಳೆಯುವಾಗ ಎಷ್ಟು ಪೀಸ್ ಹೊಡೆಸಿದ ಅನ್ನುವುದರ ಜೊತೆಗೆ, ಅವನ ಸೆಕ್ಷನ್ನಿನಿಂದ ಎಷ್ಟು ಅಪಾಯ ತಿಳಿದುಬಂತು, ಎಷ್ಟು ಸರಿಯಾಯಿತು ಅಂತಲೂ ನೋಡಿ. ಯಾಕೆಂದರೆ ಮಾಲೀಕರು ಎಷ್ಟೇ ಒಳ್ಳೆಯವರಾದರೂ ಕೆಲಸಗಾರನಿಗೆ ಕಾಣುವ ಯಜಮಾನ ಸೂಪರ್‌ವೈಸರೇ. ಕಾಂಟ್ರ್ಯಾಕ್ಟರ್ ಹತ್ತಿರ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಅಪಾಯ ಕಂಡು ಮಷಿನ್ ನಿಲ್ಲಿಸಿದ್ದಕ್ಕೆ ಯಾರನ್ನೂ ಬದಲಾಯಿಸುವಂತಿಲ್ಲ.

ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೂ ಒಂದು ಮಾತು. ಇನ್‌ಸ್ಪೆಕ್ಟರಿಗೆ ನೇರವಾಗಿ ತಿಳಿಸುವ ಹಕ್ಕು ಕಾನೂನಿನಲ್ಲಿದೆ. ಅದು ಎಷ್ಟು ಕೆಲಸಗಾರರಿಗೆ ಗೊತ್ತಿದೆ? ಆ ಹಕ್ಕನ್ನು, ತಿಳಿಸಬೇಕಾದ ಫೋನ್ ನಂಬರನ್ನು ಕನ್ನಡ, ಹಿಂದಿ, ಒಡಿಯಾ ಭಾಷೆಗಳಲ್ಲಿ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಪ್ರತಿ ಶೆಡ್ಡಿನ ಹಾಜರಿ ಜಾಗದಲ್ಲಿ ಅಂಟಿಸಲಿ. ಹೇಳಿದವರ ಹೆಸರು ಹೊರಗೆ ಬರದ ಹಾಗೆ ನೋಡಿಕೊಳ್ಳಲಿ. ಹೆಸರು ಒಮ್ಮೆ ಹೊರಬಿದ್ದರೆ ಆ ಶೆಡ್ಡಿನಿಂದ ಎರಡನೇ ಫೋನ್ ಬರುವುದಿಲ್ಲ.

ಆ ನೋಟ್‌ಬುಕ್ಕಿನ ನಮೂನೆ ನನ್ನ ಹತ್ತಿರ ಇದೆ. ನಮ್ಮ ಏರಿಯಾದ ಐಟಿಐನಲ್ಲಿ ಅಪ್ರೆಂಟಿಸ್ ಹುಡುಗರಿಗೆ ಈಗಲೂ ವಾರಕ್ಕೊಮ್ಮೆ ಹೇಳಿಕೊಡುತ್ತೇನೆ. ಸಣ್ಣ ಪ್ರೆಸ್ ಶಾಪಿನವರು ಯಾರಾದರೂ ನಿಮ್ಮ ಪತ್ರಿಕೆಯ ಮೂಲಕ ಕೇಳಿದರೆ ನಮೂನೆ ಕೊಡುತ್ತೇನೆ. ಕ್ಲಚ್ ಬಿಚ್ಚಿ ಪಿನ್ ನೋಡುವುದು ಹೇಗೆ ಅಂತ ಆಪರೇಟರ್‌ಗಳ ಜೊತೆ ನಿಂತು ತೋರಿಸಿಕೊಡುತ್ತೇನೆ. ದುಡ್ಡು ಬೇಡ. ಮಾಲೀಕರೂ ಆ ಹೊತ್ತಿಗೆ ಅಲ್ಲಿ ನಿಂತಿರಬೇಕು, ಅಷ್ಟೇ.

ವಂದನೆಗಳೊಂದಿಗೆ,

ಒಬ್ಬ ನಿವೃತ್ತ ಫೋರ್‌ಮನ್
ದಾಸರಹಳ್ಳಿ, ಬೆಂಗಳೂರು